ಸಾಣೆಕಲ್ಲಿನ ಬೆಣ್ಣೆ

ಎಕ್ಕಂಬಿಯ ಪಾರ್ವತವ್ವನ ಮಾತನ್ನು ಅವಳ ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ, ಬೆಕ್ಕೊಂದನ್ನು ಬಿಟ್ಟರೆ. ಗಂಡ ವೀರಪ್ಪ ಭತ್ತದ ವ್ಯಾಪಾರಿ. ಎತ್ತಿನ ಕೊರಳ ಗಂಟೆಯ ಸದ್ದೊಂದನ್ನು ಬಿಟ್ಟು ಬೇರೆ ಯಾವುದೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಒಬ್ಬಳೇ ಮಗಳು ನೀಲವ್ವ ಬನವಾಸಿಗೆ ಮದುವೆಯಾಗಿ ಹೋಗಿದ್ದಳು. ಉಳಿದದ್ದು ಈಬತ್ತಿ. ವಿಭೂತಿಗೆ ಆ ಕಡೆಯವರು ಈಬತ್ತಿ ಎನ್ನುತ್ತಾರೆ. ಬೆಕ್ಕಿನದು ಅದೇ ಬಣ್ಣ, ಹಾಗಾಗಿ ಅದೇ ಹೆಸರು. ಹಣೆಗೆ ಹಚ್ಚುವ ವಸ್ತುವಿನ ಹೆಸರನ್ನು ಇಲಿ ತಿನ್ನುವ ಪ್ರಾಣಿಗೆ ಇಡಬಾರದೆಂದು ಮಠದ ಅಯ್ಯನವರು ಒಮ್ಮೆ ಗೊಣಗಿದ್ದರು. ಪಾರ್ವತವ್ವ ಅವರಿಗೆ ಇನ್ನೊಂದು ಹೋಳಿಗೆ ಬಡಿಸಿ ಬಾಯಿ ಮುಚ್ಚಿಸಿದ್ದಳು.

ಕಣಜದ ಹಿಂದೆ ಹುಟ್ಟಿ, ಕಣ್ಣು ಬಿಡುವ ಮೊದಲೇ ತಾಯಿಯನ್ನು ಕಳೆದುಕೊಂಡ ಮರಿ ಅದು. ಅರಳೆಯ ಬತ್ತಿಯನ್ನು ಹಾಲಿಗೆ ಅದ್ದಿ ಅದ್ದಿ ಅವಳೇ ಬದುಕಿಸಿದ್ದಳು. ಈಗ ನಾಲ್ಕು ವರ್ಷದ ಗಡವ, ಕೊಬ್ಬಿದ ಗಂಡು ಬೆಕ್ಕು. ರಾತ್ರಿಯೆಲ್ಲ ಭತ್ತದ ಕೋಣೆ ಕಾಯುವುದು, ಹಗಲು ಅವಳ ಪಾದದ ಮೇಲೆ ಮಲಗುವುದು, ಇಷ್ಟೇ ಅದರ ದಿನಚರಿ. ಬೆಣ್ಣೆ ಎಂದರೆ ಪ್ರಾಣ ಬಿಡುತ್ತಿತ್ತು. ಮಜ್ಜಿಗೆ ಕಡೆಯುವ ದಿನ ಕಡಗೋಲಿನ ಸದ್ದು ಕೇಳಿದರೆ ಸಾಕು, ಊರ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತಿತ್ತು.

ಇದನ್ನೆಲ್ಲ ಮೊದಲೇ ಹೇಳುವುದು ಯಾಕೆಂದರೆ, ಆ ಎರಡು ದಿನ ಪಾರ್ವತವ್ವ ಆ ಬೆಕ್ಕನ್ನು ನೋಡಿದ ಹಾಗೆ ಯಾರೂ ಯಾವ ಬೆಕ್ಕನ್ನೂ ನೋಡಿರಲಿಕ್ಕಿಲ್ಲ. ನೋಡಿದವರು ಅದನ್ನು ಪ್ರೀತಿ ಎಂದುಕೊಂಡರು. ಅದು ಪ್ರೀತಿಯಾಗಿರಲಿಲ್ಲ.

ಸಿದ್ದಾಪುರದ ಕಡೆ ರೈತರು ಸರ್ಕಾರಕ್ಕೆ ಕರ ಕೊಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ ವರ್ಷ. ಭಾದ್ರಪದದ ಕೊನೆ. ನೀಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಹಿಂದೆಯೇ ಅತ್ತೆ ಗೌರಕ್ಕನೂ ಬನವಾಸಿಯಿಂದ ಬಂದು ಇಳಿದಿದ್ದಳು. ಹೆರಿಗೆಯ ಮನೆಗೆ ಬೀಗತಿ ಬಂದು ಕೂರುವ ರೂಢಿಯೇನೂ ಇಲ್ಲ. ಆದರೆ ಗೌರಕ್ಕನಿಗೆ ಅವಳದೇ ಆದ ಕಾರಣವಿತ್ತು. ಅವಳ ಹಿರಿಯ ಸೊಸೆಯ ಕೂಸು ತವರಿನಲ್ಲಿ ಹುಟ್ಟಿ ಮೂರನೆಯ ದಿನಕ್ಕೆ ತೀರಿಕೊಂಡಿತ್ತು. ಆ ಸೊಸೆಯನ್ನು ಆಮೇಲೆ ಬನವಾಸಿಗೆ ಯಾರೂ ಕರೆಯಲಿಲ್ಲ. ಈಗಲೂ ತವರಿನಲ್ಲೇ ಇದ್ದಾಳೆ, ಅಣ್ಣಂದಿರ ಹೆಂಡಿರ ಕೈಕೆಳಗೆ. ಈ ಕತೆಯನ್ನು ಗೌರಕ್ಕ ಬಂದ ದಿನವೇ ಎಲೆಯಡಿಕೆ ಹಾಕುತ್ತ, ಮಳೆ ಬೆಳೆಯ ಮಾತಾಡಿದಷ್ಟೇ ಸಲೀಸಾಗಿ ಹೇಳಿದ್ದಳು. 

ನೋವು ಶುರುವಾಗಿ ಒಂದು ಹಗಲು ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಗಿರಿಜವ್ವ ಮಾತ್ರ ಗೋಡೆಗೆ ಒರಗಿ ಆರಾಮವಾಗಿ ಕೂತಿದ್ದಳು. ನೀಲವ್ವನನ್ನೂ ಈ ಲೋಕಕ್ಕೆ ತಂದ ಕೈ ಅವಳದು.

"ಗೌರಿ ಗಡ್ಡಿ ತೇಯ್ದು ಅಂಗಾಲಿಗೆ ಹಚ್ಚೂಣೇನು?" ಎಂದು ಪಾರ್ವತವ್ವ ಮೆಲ್ಲಗೆ ಕೇಳಿದ್ದಳು.

"ಪಾರವ್ವ, ಆ ಗಡ್ಡಿ ಸುದ್ದಿ ನನ್ನ ಮುಂದ ತಗೀಬ್ಯಾಡ," ಎಂದು ಗಿರಿಜವ್ವ ರೇಗಿದ್ದಳು. "ಹೂವು ದೇವರ ಮ್ಯಾಗ ಚಂದ, ಗಡ್ಡಿ ಮಣ್ಣಾಗ ಚಂದ. ಉಗುರಿನ ಸಂದ್ಯಾಗ ಸಿಕ್ಕೊಂಡಿದ್ದು ಬಾಯಿಗೆ ಹೋದ್ರ ದನಾನ ಉರುಳ್ತಾವ. ಚೊಚ್ಚಲು, ತಡಾ ಆಕ್ಕೈತಿ. ಸುಮ್ನಿರು."

ಗೌರಿ ಹಬ್ಬದಲ್ಲಿ ಗೌರಿಗೆ ಏರಿಸುವ ಹೂವು ಅದು. ಬುಡದಲ್ಲಿ ಹಳದಿ, ಮೇಲೆ ಕೆಂಪು. ಎಸಳುಗಳೆಲ್ಲ ಒಲೆಯ ಉರಿಯ ಹಾಗೆ ಮೇಲಕ್ಕೆ ಎದ್ದಿರುತ್ತವೆ. ಬೇಲಿಯ ಮೇಲೆ ಹಬ್ಬಿರುತ್ತದೆ. ಕೆಳಗೆ ಮಣ್ಣಿನಲ್ಲಿ ನೇಗಿಲಿನ ಹಾಗೆ ಬಾಗಿದ ಗಡ್ಡೆ. ಪಾರ್ವತವ್ವನ ತಾಯಿ ಅದನ್ನು ಬೆಣ್ಣೆಯಲ್ಲಿ ತೇಯ್ದು ಹೆರುವವರ ಅಂಗಾಲಿಗೆ ಹಚ್ಚುತ್ತಿದ್ದಳು. ಬೆಣ್ಣೆಯಿದ್ದರೆ ಅಂಟುತ್ತದೆ, ಕೂಸು ಬಿದ್ದ ಕೂಡಲೇ ಒರೆಸಿಬಿಡಬೇಕು, ಇದು ಅವಳ ಪಾಠ. ಹಬ್ಬಕ್ಕೆ ಹೂ ಕೀಳಲು ಹೋದಾಗಲೇ ಪಾರ್ವತವ್ವ ಒಂದು ಗಡ್ಡೆ ಅಗೆದು ತಂದು ಅಡಿಗೆಮನೆಯ ಗೂಡಿನಲ್ಲಿ ಅಡಗಿಸಿಟ್ಟಿದ್ದಳು. ಗಿರಿಜವ್ವನನ್ನು ಕೇಳಿದ್ದು ಬರಿಯ ಶಾಸ್ತ್ರಕ್ಕೆ.

ಬೆಳಕು ಹರಿಯುವ ಹೊತ್ತಿಗೆ ಗಿರಿಜವ್ವ ಹಿತ್ತಲ ಹಂಡೆಗೆ ಬೆಂಕಿ ಹಾಕಲು ಹೋದಳು. ಗೌರಕ್ಕ ಲಿಂಗಪೂಜೆಗೆ ಕೂತಿದ್ದಳು. ಪಾರ್ವತವ್ವ ಸಾಣೆಕಲ್ಲಿನ ಮೇಲೆ ಗಡ್ಡೆಯನ್ನು ಬೆಣ್ಣೆಯೊಂದಿಗೆ ತೇಯ್ದಳು. ಮನೆಯಲ್ಲಿ ಗಂಧ, ಬಜೆ, ಕೂಸಿನ ಮದ್ದು ಎಲ್ಲಕ್ಕೂ ಇದ್ದದ್ದು ಅದೊಂದೇ ಕಲ್ಲು.  ನರಳುತ್ತ ಮಲಗಿದ್ದ ಮಗಳ ಎರಡೂ ಅಂಗಾಲಿಗೆ ದಪ್ಪಗೆ ಬಳಿದು, ಉಳಿದ ಗಡ್ಡೆಯನ್ನು ಒಲೆಗೆ ಹಾಕಿ, ಬಾವಿಕಟ್ಟೆಗೆ ಹೋಗಿ ಬೂದಿ ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದಳು. ತಿರುಗಿ ಬರುವಾಗ ಪೂಜೆ ಮುಗಿಸಿದ ಗೌರಕ್ಕ ಪಡಸಾಲೆಯಲ್ಲಿ ಅಡ್ಡ ನಿಂತು, ಹಿರಿಯ ಸೊಸೆಗೂ ಹೀಗೇ ತಡವಾಗಿತ್ತು ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು. ಹೂಂ ಹೂಂ ಎಂದು ತಪ್ಪಿಸಿಕೊಂಡು ಕೋಣೆಯ ಬಾಗಿಲಿಗೆ ಬಂದಾಗ, ಈಬತ್ತಿ ಬಾಲ ಎತ್ತಿಕೊಂಡು ಹೊರಗೆ ಹೋಗುತ್ತಿತ್ತು. ಪಾರ್ವತವ್ವ ಅದನ್ನು ನೋಡಿದಳು, ನೋಡಿ ಮರೆತಳು. ಒಳಗೆ ನೀಲವ್ವ ಕಿರುಚಿದ್ದಳು.

ಗಿರಿಜವ್ವ ಓಡಿ ಬಂದಳು. ಸ್ವಲ್ಪ ಹೊತ್ತಿನಲ್ಲೇ ಗಂಡು ಕೂಸು ಹುಟ್ಟಿತು. ಗಡ್ಡೆಯ ಗುಣವೋ, ಹುಟ್ಟುವ ಹೊತ್ತೇ ಬಂದಿತ್ತೋ, ದೇವರಿಗೇ ಗೊತ್ತು. ಪಾರ್ವತವ್ವ ಮಗಳ ಅಂಗಾಲನ್ನು ಅರಿವೆಯಿಂದ ಒರೆಸಿ, ಆ ಅರಿವೆಯನ್ನೂ ಒಲೆಗೆ ಹಾಕಿದಳು. ಆಮೇಲೆ ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ವೀರಪ್ಪನನ್ನು ಎಬ್ಬಿಸಿದಳು, ಓಣಿಯವರಿಗೆಲ್ಲ ಸಕ್ಕರೆ ಹಂಚಿದಳು. ಬಿಸಿಲೇರಿದ ಮೇಲೆ ಒಳಗೆ ಬಂದರೆ ಗೌರಕ್ಕ ನಗುತ್ತಿದ್ದಳು. ಅವಳು ನಗುವುದನ್ನು ಪಾರ್ವತವ್ವ ನೋಡಿದ್ದು ಅದೇ ಮೊದಲು.

"ಬೀಗತ್ಯಾರ, ನಿಮ್ಮ ಮೊಮ್ಮಗನ ನೋಡಬರ್ರಿ! ನನ್ನ ಉಂಗುರ ಕೊಟ್ಟು ಗಿರಿಜವ್ವಗ ಬಂಗಾರ ತೇಯಾಕ ಹೇಳಿದೆ. ಒಳಗ ಹೋಗಿ ತೇಯ್ದು ಜೇನಿನ್ಯಾಗ ತಂದು ನೆಕ್ಕಿಸಿದ್ಲು. ಹೆಂಗ ಚಪ್ಪರಿಸಿದ ಅಂತೀರಿ!"

ಪಾರ್ವತವ್ವನೂ ನಕ್ಕಳು. ಆ ಹೊತ್ತಿನಲ್ಲಿ ಅವಳಿಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಮಧ್ಯಾಹ್ನ. ಭತ್ತದ ಕೋಣೆಯಿಂದ ಕೆಮ್ಮಿನಂಥ ಸದ್ದು ಕೇಳಿ ಹೋದಳು. ಈಬತ್ತಿ ಬೆನ್ನು ಬಾಗಿಸಿ ಕಕ್ಕುತ್ತಿತ್ತು. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಹತ್ತಿರ ಕೂತು ಗದ್ದ ಎತ್ತಿದಳು. ಮೀಸೆಗೆ ಬೆಣ್ಣೆ ಅಂಟಿಕೊಂಡಿತ್ತು.

ಎರಡು ದಿನದಿಂದ ಮನೆಯಲ್ಲಿ ಯಾರೂ ಮಜ್ಜಿಗೆ ಕಡೆದಿರಲಿಲ್ಲ. ಬೆಣ್ಣೆಯ ಗಡಿಗೆ ನೆಲುವಿನ ಮೇಲಿತ್ತು. ಬೆಕ್ಕಿಗೆ ಎಟಕುವ ಬೆಣ್ಣೆ ಇದ್ದದ್ದು ಒಂದೇ ಕಡೆ, ಸಾಣೆಕಲ್ಲಿನ ಮೇಲೆ. ಅವಳು ಕೈ ತೊಳೆದಿದ್ದಳು, ಅಂಗಾಲು ಒರೆಸಿದ್ದಳು, ಅರಿವೆ ಸುಟ್ಟಿದ್ದಳು. ಕಲ್ಲನ್ನು ತೊಳೆದಿರಲಿಲ್ಲ. ಆ ಕಲ್ಲಿನ ಮೇಲೆಯೇ ಗಿರಿಜವ್ವ ಉಂಗುರ ತೇಯ್ದದ್ದು. ಅದನ್ನೇ ಕೂಸು ಚಪ್ಪರಿಸಿದ್ದು.

ಪಾರ್ವತವ್ವ ಬೆಕ್ಕಿನ ಗದ್ದ ಬಿಟ್ಟಳು. ಎದ್ದು ಅಡಿಗೆಮನೆಗೆ ಓಡಿದಳು. ಸಾಣೆಕಲ್ಲು ಗೋಡೆಗೆ ಒರಗಿತ್ತು, ಬೆಳ್ಳಗೆ, ಒಣಗಿ. ಯಾರೋ ತೊಳೆದಿದ್ದರು. ಆದರೆ ಯಾವಾಗ? ಬಂಗಾರ ತೇಯುವ ಮೊದಲೋ, ತೇಯ್ದಾದ ಮೇಲೋ? ಅದನ್ನು ಬಲ್ಲವಳು ಗಿರಿಜವ್ವ ಒಬ್ಬಳೇ. ಅವಳು ಮನೆಗೆ ಹೋಗಿಯಾಗಿತ್ತು. ಸಂಜೆ ನೀರು ಹಾಕಲು ಬರುತ್ತಾಳೆ. ಅವಳನ್ನು ಕೇಳುವುದೆಂದರೆ ಗಡ್ಡೆಯ ಸಂಗತಿ ಹೇಳುವುದು. ಹೇಳಿದರೆ ಗೌರಕ್ಕನ ಕಿವಿಗೆ ಬೀಳುತ್ತದೆ. ಕೂಸಿಗೆ ಏನಾದರೂ ಆದರೆ ಕೊಂದವಳು ಅಜ್ಜಿ, ತವರಿನವಳು. ನೀಲವ್ವನ ಬಾಳು ಅಲ್ಲಿಗೆ ಮುಗಿಯಿತು. ಶಿರಸಿಯ ದವಾಖಾನೆಗೆ ಒಯ್ಯೋಣವೆಂದರೆ, ಹುಟ್ಟಿದ ದಿನವೇ ಕೂಸನ್ನು ಮೋಟಾರಿನಲ್ಲಿ ಹಾಕಿಕೊಂಡು ಹೋಗಲು ಏನು ನೆಪ ಹೇಳುವುದು?

ಆಗ ಅವಳಿಗೆ ಒಂದು ಲೆಕ್ಕ ಹೊಳೆಯಿತು. ಭಯ ಬಿದ್ದವರಿಗೆ ಮಾತ್ರ ಹೊಳೆಯುವಂಥ ಲೆಕ್ಕ. ಬೆಕ್ಕು ನೆಕ್ಕಿದ್ದು ಬೆಳಕು ಹರಿಯುವಾಗ. ಕೂಸು ನೆಕ್ಕಿದ್ದು ಬಿಸಿಲೇರಿದ ಮೇಲೆ. ನಡುವೆ ಒಂದು ಜಾವ. ಬೆಕ್ಕು ಒಂದು ಜಾವ ಮುಂದಿದೆ. ಅದಕ್ಕೆ ಆದದ್ದು ಒಂದು ಜಾವ ಬಿಟ್ಟು ಕೂಸಿಗೆ ಆಗಬೇಕು. ಬೆಕ್ಕು ಉಳಿದರೆ ಕೂಸು ಉಳಿಯುತ್ತದೆ.

ಆಗಿನಿಂದ ಅವಳು ಎರಡು ಬಾಗಿಲ ನಡುವೆ ಓಡಾಡತೊಡಗಿದಳು. ಭತ್ತದ ಕೋಣೆಯಲ್ಲಿ ನೋಡುವುದು, ಬಾಣಂತಿಯ ಕೋಣೆಗೆ ಬಂದು ಕಾಯುವುದು. ಮಧ್ಯಾಹ್ನ ಬೆಕ್ಕು ಕಕ್ಕಿತ್ತು. ಇಳಿಹೊತ್ತಿಗೆ ಕೂಸಿನ ಬಾಯಿಂದ ಒಂದು ಗುಟುಕು ಹಾಲು ಹೊರಗೆ ಬಂತು. ಎಷ್ಟೋ ಕೂಸುಗಳನ್ನು ಎತ್ತಿ ಆಡಿಸಿದ ಹೆಂಗಸು, ಹಾಲು ಕಕ್ಕದ ಕೂಸಿಲ್ಲ ಎಂದು ಬಲ್ಲವಳು, ಅಂದು ಗೋಡೆ ಹಿಡಿದುಕೊಂಡು ನಿಂತಳು.

"ಹಾಲ ಹೆಚ್ಚಾಗೈತಿ ಅಷ್ಟ," ಎಂದು ಗೌರಕ್ಕ ಕೂಸಿನ ಬಾಯಿ ಒರೆಸಿದಳು. "ನೀವ್ಯಾಕ್ರೀ ಹಿಂಗ ಬೆವರಾಕ ಹತ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಾರ್ವತವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಒಲಿ ಮುಂದ ಇದ್ನೆಲ್ಲ, ಅದಕ್ಕ," ಎಂದಳು.

ಸಂಜೆ ಗಿರಿಜವ್ವ ನೀರು ಹಾಕಲು ಬಂದಳು. ಪಾರ್ವತವ್ವನ ಬಾಯಿಗೆ ಮಾತು ಬಂತು. ಆದರೆ ಗೌರಕ್ಕ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಕೂತಿದ್ದಳು.  ಗಿರಿಜವ್ವ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಪಾರ್ವತವ್ವ ಬಿಸಿನೀರಿನ ನೆಪ ಹೇಳಿ ಎದ್ದು ಹೋದಳು.

ದೀಪ ಹಚ್ಚುವ ಹೊತ್ತಿಗೆ ಈಬತ್ತಿಯ ಹೊಟ್ಟೆ ಕೆಟ್ಟು ರಕ್ತ ಹೋಯಿತು. ಯಾರೂ ನೋಡದ ಹಾಗೆ ಅವಳೇ ಬೂದಿ ಹಾಕಿ ಬಳಿದಳು. ಈಬತ್ತಿಯ ಮುಂದೆ ಒಂದು ಪರಟೆಯಲ್ಲಿ ಹಾಲು ಇಟ್ಟಳು. ಕುಡಿಯುತ್ತದೆಯೋ ಇಲ್ಲವೋ ನೋಡಬೇಕಿತ್ತು. ಅದು ಹಾಲಿನ ಹತ್ತಿರ ಮೂಗು ತಂದು, ಆಮೇಲೆ ಹಾಲನ್ನು ಬಿಟ್ಟು ಅವಳ ಪಾದದ ಕಡೆ ಎರಡು ಹೆಜ್ಜೆ ಬಂತು. ಅವಳು ಎದ್ದುಬಿಟ್ಟಳು. ಕೂಸಿನ ಅರಿವೆ ನೋಡುವ ಹೊತ್ತಾಗಿತ್ತು. ಬೆಕ್ಕಿಗೆ ಒಂದು ಚೂರು ಮದ್ದು ಕೊಡಬೇಕೆಂದು ಅವಳಿಗೆ ಆಗ ಅನಿಸಲೇ ಇಲ್ಲ. ಅಥವಾ ಅನಿಸಿತ್ತು, ಮದ್ದು ಕೊಟ್ಟರೆ ವಿಷ ಮುಂದೇನು ಮಾಡುತ್ತದೆ ಎಂದು ತಿಳಿಯುವುದಿಲ್ಲ ಎಂದು ಸುಮ್ಮನಾಗಿದ್ದಳು. ಯಾವುದು ನಿಜ ಎಂದು ಅವಳಿಗೆ ಕೊನೆಯವರೆಗೂ ಹೇಳಲಾಗಲಿಲ್ಲ.

ಮರುದಿನ ಬೆಳಿಗ್ಗೆ ಬೆಕ್ಕಿನ ಹಿಂಗಾಲು ಸ್ವಾಧೀನ ತಪ್ಪಿ ಬಿದ್ದುಹೋಗಿದ್ದವು. ವೀರಪ್ಪ ಭತ್ತ ಅಳೆಯಲು ಬಂದವನು ನೋಡಿ, "ಇದೇನ ಇದು, ಸಾಯಾಕ ಹತ್ತೈತಲ್ಲ. ಬಾಣಂತಿ ಮನ್ಯಾಗ ಬೆಕ್ಕ ಸತ್ರ ಬೀಗತಿ ಸುಮ್ನಿರ್ತಾಳೇನು? ಚೀಲದಾಗ ಹಾಕಿ ಹಳ್ಳದ ಕಡಿ ಬಿಟ್ಟು ಬರ್ತೇನಿ," ಎಂದ.

"ಮುಟ್ಟಬ್ಯಾಡ್ರಿ ಅದನ್ನ!" ಎಂದು ಪಾರ್ವತವ್ವ ಕೂಗಿದ ಕೂಗಿಗೆ ವೀರಪ್ಪನ ಕೈಯಲ್ಲಿದ್ದ ಚೀಲ ಜಾರಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಮಾತು ಅವನ ಕಿವಿಗೆ ಬಿದ್ದದ್ದು ಅದೇ ಮೊದಲೇನೋ. ಹೊರಗೆ ಹೋಗಿ ಜಗಲಿಯಲ್ಲಿ ಕೂತವರಿಗೆ, "ನಮ್ಮ ಮನ್ಯಾಗ ಎರಡು ಬಾಣಂತನ ನಡದಾವ್ರೆಪ, ಒಂದು ಮಗಳದು, ಒಂದು ಬೆಕ್ಕಿಂದು," ಎಂದ. ಅವರು ನಕ್ಕರು. ಒಳಗೆ ಪಾರ್ವತವ್ವ ಬಿದ್ದುಹೋದ ಹಿಂಗಾಲುಗಳನ್ನೇ ನೋಡುತ್ತಿದ್ದಳು. ಒಂದು ಜಾವ ಬಿಟ್ಟು, ಒಂದು ಜಾವ ಬಿಟ್ಟು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ಗೌರಕ್ಕ ಲಿಂಗಪೂಜೆಗೆ ಕೂತಿದ್ದ ಹೊತ್ತು. ಬಾಣಂತಿಯ ಕೋಣೆಗೆ ಬಂದರೆ ಕೂಸು ಮಲಗಿತ್ತು. ನೀಲವ್ವ ಮೊಲೆಗೆ ಹಚ್ಚಿದರೂ ಕಣ್ಣು ಬಿಡಲಿಲ್ಲ. ಕೆನ್ನೆ ತಟ್ಟಿದಳು, ಅಂಗಾಲಿಗೆ ಕಚಗುಳಿಯಿಟ್ಟಳು. ಕೂಸಿನ ಕಾಲು ಒಮ್ಮೆ ಅಲುಗಿ ಸುಮ್ಮನಾಯಿತು.

"ಯಾಕೋ ಏಳವಲ್ದು ಯವ್ವಾ," ಎಂದಳು ನೀಲವ್ವ.

ಪಾರ್ವತವ್ವನಿಗೆ ಇನ್ನು ತಡೆಯಲಾಗಲಿಲ್ಲ. ಹಿತ್ತಲಿಗೆ ಓಡಿದಳು. ಬೆಳಗಿನ ನೀರು ಹಾಕಲು ಬಂದಿದ್ದ ಗಿರಿಜವ್ವ ಹಂಡೆಯ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು. ಪಾರ್ವತವ್ವ ಆ ಹೊಗೆಯಲ್ಲೇ ಅವಳ ಕಾಲು ಹಿಡಿದು ಕೂತಳು. ಗಡ್ಡೆ, ಬೆಣ್ಣೆ, ಕಲ್ಲು, ಉಂಗುರ, ಎಲ್ಲ ಹಿಂದುಮುಂದಾಗಿ ಬಾಯಿಂದ ಬಂದವು. "ಕೂಸು ಏಳವಲ್ದು ಗಿರಿಜವ್ವ, ಕೂಸು ಏಳವಲ್ದು. ನನ್ನ ಮಗಳ ಬಾಳ ನಾನ ಸುಟ್ಟೆ," ಎಂದು ಅದನ್ನೇ ಹೇಳತೊಡಗಿದಳು.

ಗಿರಿಜವ್ವ ಮೊದಲು ಒಳಗೆ ಹೋಗಿ ಕೂಸನ್ನು ಎತ್ತಿಕೊಂಡಳು. ಮೈ ಮೇಲಿನ ಬಟ್ಟೆ ಬಿಚ್ಚಿ, ತಣ್ಣನೆಯ ಬೆರಳಿನಿಂದ ಬೆನ್ನು ಸವರಿದಳು. ಕೂಸು ಮುಖ ಕೆಂಪು ಮಾಡಿಕೊಂಡು ಮನೆ ಹಾರಿಹೋಗುವ ಹಾಗೆ ಅತ್ತಿತು. ನೀಲವ್ವನ ಮಡಿಲಿಗೆ ಹಾಕಿದ್ದೇ ಗಬಕ್ಕನೆ ಮೊಲೆ ಹಿಡಿಯಿತು. ಗಿರಿಜವ್ವ ಪಾರ್ವತವ್ವನ ರಟ್ಟೆ ಹಿಡಿದು ಮತ್ತೆ ಹಿತ್ತಲಿಗೆ ಎಳೆದುಕೊಂಡು ಬಂದಳು.

"ಸೆಕಿ ಸೆಕಿ ಅರಿವಿ ಸುತ್ತೀರಿ, ಹೊಟ್ಟಿ ತುಂಬೈತಿ, ಕೂಸು ಮಲಗದ ಕುಣೀತೈತೇನು?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ನಿನ್ನೆ ಕಲ್ಲ ಕೈಗೆ ತಗೊಂಡೆ, ಜಿಡ್ಡ ಹತ್ತಿತು. ಸಾಣಿಕಲ್ಲಿಗೆ ಬೆಣ್ಣಿ ಯಾಕ? ರಾತ್ರಿ ನೀ ಕೇಳಿದ ಮಾತು ನೆನಪಾತು. ಆ ಕಲ್ಲ ಬೂದಿ ಹಚ್ಚಿ ಮೂರು ಸಲ ತೊಳದು ಗ್ವಾಡಿಗೆ ಇಟ್ಟೆ. ಕೂಸಿಗೆ ಅದರ ಮ್ಯಾಗ ಏನೂ ತೇಯಲಿಲ್ಲ. ಬೆಳ್ಳಿ ಬಟ್ಲದಾಗ ಜೇನ ಹಾಕಿ, ಉಂಗುರ ಅದ್ದಿ ನೆಕ್ಕಿಸಿದೆ. ಬೀಗತಿಗೆ ತೇಯ್ದೆ ಅಂದೆ. ನಿನ್ನ ಮಾನ ಉಳೀಲಿ ಅಂತ ಆಕಿ ಮುಂದ ಬಾಯಿ ಬಿಡ್ಲಿಲ್ಲ. ನೀನ ಬಂದು ಕೇಳ್ತಿ ಅಂತ ನಿನ್ನೆ ಸಂಜಿ ಮಟ ಕಾದೆ."

 ಅಳು ಬಂತೋ ನಗು ಬಂತೋ ಪಾರ್ವತವ್ವನಿಗೇ ತಿಳಿಯಲಿಲ್ಲ. ಕೂಸಿಗೆ ಏನೂ ಆಗಿರಲಿಲ್ಲ. ಏನೂ ಆಗುವುದೂ ಇರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಹಿಡಿದಿಟ್ಟ ಉಸಿರು ಒಮ್ಮೆಲೇ ಹೊರಗೆ ಬಂತು.

ಆ ಉಸಿರಿನ ಹಿಂದೆಯೇ ಇನ್ನೊಂದು ಮಾತು ಬಂತು. "ಮತ್ತ ಬೆಕ್ಕು?"

"ಯಾವ ಬೆಕ್ಕು?" ಎಂದಳು ಗಿರಿಜವ್ವ. ಕೇಳಿ ತಿಳಿದ ಮೇಲೆ ಅವಳ ಮುಖ ಸಪ್ಪಗಾಯಿತು. "ನಿನ್ನೆ ಮಧ್ಯಾನ್ನಾನ ಹೇಳಿದ್ರ ಇದ್ದಲಿ ಪುಡಿ ಕಲಸಿ ಹೊಟ್ಟಿಗೆ ಹಾಕಿ ನೋಡಬೋದಿತ್ತು. ಉಳೀತಿತ್ತೋ ಇಲ್ಲೋ, ನೋಡಬೋದಿತ್ತು. ಈಗ ರಕ್ತ ಹೋಗಿ, ಕಾಲ ಬಿದ್ದಾವ ಅಂತಿ. ಇನ್ನೇನೈತಿ ಪಾರವ್ವ."

ಪಾರ್ವತವ್ವ ಭತ್ತದ ಕೋಣೆಗೆ ಹೋದಳು. ಈ ಸಲ ಕಾಲು ನೋಡಲಿಲ್ಲ, ಜೊಲ್ಲು ನೋಡಲಿಲ್ಲ. ಈಬತ್ತಿಯನ್ನು ನೋಡಿದಳು. ಹುಟ್ಟಿದ ಕಣಜದ ಮೂಲೆಗೇ ಹೇಗೋ ತೆವಳಿಕೊಂಡು ಹೋಗಿ ಮಲಗಿತ್ತು. "ಈಬತ್ತಿ," ಎಂದಾಗ ಕಿವಿ ಅಲುಗಿತು. ಮಡಿಲಲ್ಲಿ ಎತ್ತಿಕೊಂಡಳು. ಮೈಯಲ್ಲಿ ತೂಕವೇ ಇರಲಿಲ್ಲ. ಗಿರಿಜವ್ವ ಕಲಸಿಕೊಟ್ಟ ಇದ್ದಿಲ ನೀರನ್ನು, ನಾಲ್ಕು ವರ್ಷದ ಹಿಂದೆ ಹಾಲು ಕುಡಿಸಿದ ಹಾಗೆಯೇ, ಅರಳೆಯ ಬತ್ತಿಯಲ್ಲಿ ಅದ್ದಿ ತುಟಿಗೆ ಇಟ್ಟಳು. ಅದು ನುಂಗಲಿಲ್ಲ. ಎದೆಯಲ್ಲಿ ಮಾತ್ರ ಗುರುಗುರು ಸದ್ದು ಬರುತ್ತಿತ್ತು, ಅವಳ ಪಾದದ ಮೇಲೆ ಮಲಗಿದಾಗ ಬರುತ್ತಿದ್ದ ಅದೇ ಸದ್ದು. ಬಿಸಿಲು ನೆತ್ತಿಗೆ ಬರುವ ಮೊದಲು ಆ ಸದ್ದು ನಿಂತಿತು. ಪಾರ್ವತವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಬೇಲಿಯ ಬದಿಯಲ್ಲಿ ಅವಳೇ ಗುಂಡಿ ತೋಡಿದಳು. ಅಲ್ಲಿ ಗೌರಿ ಹೂ ಇನ್ನೂ ಅರಳಿಕೊಂಡಿತ್ತು.

ಕೈಕಾಲು ತೊಳೆದು ಒಳಗೆ ಬಂದಾಗ ನೀಲವ್ವ ಗೋಡೆಗೆ ಒರಗಿ ಕೂತಿದ್ದಳು. ಗೌರಕ್ಕ ಪಕ್ಕದಲ್ಲಿ ಕೂಸಿನ ಅರಿವೆ ಮಡಿಸುತ್ತಿದ್ದಳು.

"ಯವ್ವಾ, ಈಬತ್ತಿ ಎಲ್ಲಿ? ನಿನ್ನೆಯಿಂದ ಕಾಣವಲ್ದು," ಎಂದಳು ನೀಲವ್ವ. "ಹೆರೂ ಮುಂದ ನೀ ಎದ್ದು ಹೋದ್ಯೆಲ್ಲ, ಆಗ ಅದು ಬಂದು ನನ್ನ ಕಾಲ ನೆಕ್ಕಾಕ ಹತ್ತಿತ್ತು. ಅಂಗಾಲ ಉರೀತಿದ್ವು, ತಂಪನಿಸ್ತು. ಓಡಸಾಕ ಮನಸ ಬರ್ಲಿಲ್ಲ. ಅವ್ವ ಇಲ್ಲದಿದ್ರೂ ಅದಾರ ಐತಲ್ಲ ಅನಿಸ್ತವ್ವ."

ಪಾರ್ವತವ್ವನ ಬಾಯಲ್ಲಿ ಸುಳ್ಳು ಸಿದ್ಧವಾಗಿತ್ತು. ಇಲಿ ಹಿಡಿಯಲು ಗದ್ದೆಯ ಕಡೆ ಹೋಗಿದೆ, ಬರುತ್ತದೆ ಎಂದರೆ ಮುಗಿಯುತ್ತಿತ್ತು. ಗಿರಿಜವ್ವ ಬಾಯಿ ಬಿಡುವವಳಲ್ಲ. ಕೂಸು ಗಟ್ಟಿಮುಟ್ಟಾಗಿತ್ತು. ಗೌರಕ್ಕನಿಗೆ ಏನೂ ತಿಳಿಯಬೇಕಾದ್ದಿರಲಿಲ್ಲ.

"ಸತ್ತೋತವ್ವ," ಎಂದಳು. "ನಾ ಕೊಂದೆ. ನಿನ್ನ ಕಾಲಿಗೆ ಹಚ್ಚಿದ ಬೆಣ್ಣ್ಯಾಗ ಗೌರಿ ಗಡ್ಡಿ ಇತ್ತು."

ಅರಿವೆ ಮಡಿಸುತ್ತಿದ್ದ ಗೌರಕ್ಕನ ಕೈ ನಿಂತಿತು. ಪಾರ್ವತವ್ವ ಅವಳ ಎದುರಿಗೇ ಹೋಗಿ ಕೂತು, ಗಡ್ಡೆ ಅಗೆದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಲು ಶುರುಮಾಡಿದಳು.